ಮೈಕೆಲ್ ಒಂಡಾಟ್ಜೆ: ಯಾವ ಪುಸ್ತಕದಿಂದ ಹಿಡಿಯಬೇಕು, ಓದು ಎಲ್ಲಿ ಕೈಕೊಡುತ್ತೆ?

ದೀಪದಕಂಬ
ಸಿನಿಮಾ ನೋಡಿ ಮೆಚ್ಚಿ, ಶ್ರೀಲಂಕಾದಲ್ಲಿ ಹುಟ್ಟಿದ ಕೆನಡಾದ ಲೇಖಕ ಮೈಕೆಲ್ ಒಂಡಾಟ್ಜೆಯ ‘ದಿ ಇಂಗ್ಲಿಷ್ ಪೇಷಂಟ್’ ಕಾದಂಬರಿ ಕೈಗೆತ್ತಿಕೊಂಡವರಲ್ಲಿ ಬಹಳ ಜನ ಅರ್ಧಕ್ಕೇ ಬಿಡ್ತಾರೆ. ದೂರು ಹೆಚ್ಚುಕಡಿಮೆ ಒಂದೇ: ಮಾತಾಡ್ತಿರೋದು ಯಾರು ಗೊತ್ತಾಗಲ್ಲ, ಇಟಲಿಯಲ್ಲಿದ್ದವರು ಮುಂದಿನ ಪ್ಯಾರಾದಲ್ಲಿ ಮರುಭೂಮಿಯಲ್ಲಿರ್ತಾರೆ, ಕಥೆ ಮುಂದಕ್ಕೆ ಹೋಗೋ ಬದಲು ಸುತ್ತ ಹಾಕುತ್ತೆ. ಒಂಡಾಟ್ಜೆಯನ್ನು ಪೂರ್ತಿ ಓದಿದವರು ಹೇಳಿ. ಯಾವುದರಿಂದ ಶುರು ಮಾಡಿದರೆ ಸರಿ? ಕವಿತೆ ಬಿಟ್ಟು ನೇರ ಕಾದಂಬರಿಗೆ ಹೋದರೆ ನಷ್ಟವೇ? ಬದುಕಿನ ವಿವರ ಎಷ್ಟು ಗೊತ್ತಿದ್ದರೆ ಸಾಕು?

ಹಾಳೆಮರ
ಬದುಕಿನ ವಿವರ ಮೊದಲು ಮುಗಿಸಿಬಿಡೋಣ. ಹುಟ್ಟಿದ್ದು 1943ರ ಸೆಪ್ಟೆಂಬರ್ 12, ಕೊಲಂಬೊದಲ್ಲಿ. ಬರ್ಗರ್ ಮನೆತನ, ಡಚ್ಚರು, ತಮಿಳರು, ಸಿಂಹಳೀಯರು ಎಲ್ಲ ಬೆರೆತ ವಂಶ. ತಂದೆ ಮರ್ವಿನ್, ತಾಯಿ ಡೋರಿಸ್ ಗ್ರೇಷಿಯನ್. ತಂದೆಯ ಕುಡಿತದಲ್ಲಿ ಸಂಸಾರ ಮುರಿಯಿತು, ತಾಯಿ ಇಂಗ್ಲೆಂಡಿಗೆ ಹೋದರು, ಹುಡುಗ 1954ರಲ್ಲಿ ಹಡಗು ಹತ್ತಿ ಅವರನ್ನು ಸೇರಿಕೊಂಡ. ಲಂಡನ್ನಿನ ಡಲ್ವಿಚ್ ಕಾಲೇಜಿನಲ್ಲಿ ಶಾಲೆ. 1962ರಲ್ಲಿ ಕೆನಡಾ. ಕ್ವಿಬೆಕ್‌ನ ಬಿಷಪ್ಸ್ ವಿಶ್ವವಿದ್ಯಾಲಯದಲ್ಲಿ ಓದು ಶುರು, 1965ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದಿಂದ ಬಿ.ಎ., 1967ರಲ್ಲಿ ಕಿಂಗ್‌ಸ್ಟನ್ನಿನ ಕ್ವೀನ್ಸ್‌ನಿಂದ ಎಂ.ಎ. ಪಿಎಚ್.ಡಿ. ಗೊಡವೆಗೆ ಹೋಗಲಿಲ್ಲ. ವೆಸ್ಟರ್ನ್ ಒಂಟಾರಿಯೊದಲ್ಲಿ ನಾಲ್ಕು ವರ್ಷ ಪಾಠ, 1971ರಿಂದ ಯಾರ್ಕ್ ವಿಶ್ವವಿದ್ಯಾಲಯದ ಗ್ಲೆಂಡನ್ ಕಾಲೇಜು.

ಓದುಗರಿಗೆ ಬೇಕಾದ ಲೆಕ್ಕ ಬೇರೆ. ಮೊದಲ ಕವನ ಸಂಕಲನ ‘ದ ಡೇಂಟಿ ಮಾನ್‌ಸ್ಟರ್ಸ್’ ಬಂದದ್ದು 1967ರಲ್ಲಿ. ಮೊದಲ ಕಾದಂಬರಿ ‘ಕಮಿಂಗ್ ಥ್ರೂ ಸ್ಲಾಟರ್’ ಬಂದದ್ದು 1976ರಲ್ಲಿ. ನಡುವಿನ ಒಂಬತ್ತು ವರ್ಷ ಆತ ಕವಿ, ಸಾಲದ್ದಕ್ಕೆ ಒಂದೆರಡು ಸಾಕ್ಷ್ಯಚಿತ್ರ ಮಾಡಿದವನು. ಕಾದಂಬರಿಕಾರ ಆದದ್ದು ಕವಿತೆಯನ್ನು ಉದ್ದ ಮಾಡುತ್ತಾ ಮಾಡುತ್ತಾ. ಇದೊಂದು ತಲೆಯಲ್ಲಿದ್ದರೆ ದೀಪದಕಂಬ ಅವರು ಹೇಳಿದ ಅರ್ಧ ದೂರು ಕರಗುತ್ತೆ.

ಗಡಿಯಾಚೆ
ಹಾಳೆಮರ ಸರ್, ಕೋಚ್ ಹೌಸ್ ಪ್ರೆಸ್ ಬಿಟ್ಟಿರಿ. ಆ ಮೊದಲ ಸಂಕಲನ ಪ್ರಕಟಿಸಿದ್ದು ಅವರೇ. 1965ರಲ್ಲಿ ಸ್ಟಾನ್ ಬೆವಿಂಗ್ಟನ್ ಟೊರೊಂಟೊದಲ್ಲಿ ಕಟ್ಟಿದ ಪುಟ್ಟ ಮುದ್ರಣಾಲಯ. ಅಲ್ಲಿ ಕವಿಗಳೂ ಅಚ್ಚಿನವರೂ ಒಂದೇ ಕೋಣೆಯಲ್ಲಿ ಕೆಲಸ ಮಾಡೋರು, ಒಂಡಾಟ್ಜೆ ಆಮೇಲೆ ಅದರ ಸಂಪಾದಕ ಬಳಗದಲ್ಲೂ ಇದ್ದರು. ಪುಟದ ಮೇಲೆ ಖಾಲಿ ಜಾಗ ಎಲ್ಲಿ ಬಿಡಬೇಕು, ಫೋಟೊ ಎಲ್ಲಿ ಕೂರಿಸಬೇಕು ಅನ್ನೋದನ್ನೂ ಬರವಣಿಗೆಯ ಭಾಗ ಅಂತಲೇ ನೋಡುವ ಅಭ್ಯಾಸ ಆ ಪರಿಸರದ್ದು. 1957ರಲ್ಲಿ ಹುಟ್ಟಿದ, ಕಲೆಗೆ ಸರ್ಕಾರಿ ಹಣ ಹಂಚುವ ಕೆನಡಾ ಕೌನ್ಸಿಲ್ ಕೊಡುತ್ತಿದ್ದ ಅನುದಾನದಿಂದ ಇಂಥ ಸಣ್ಣ ಪ್ರೆಸ್‌ಗಳು ಉಸಿರಾಡಿದವು. ಅದಿಲ್ಲದಿದ್ದರೆ ‘ಬಿಲ್ಲಿ ದ ಕಿಡ್’ ಥರದ ಪುಸ್ತಕಕ್ಕೆ ಪ್ರಕಾಶಕ ಸಿಗೋದು ಕಷ್ಟವಿತ್ತು.

ತುಂಗಾತೀರ
ಕವಿತೆ ಬಿಟ್ಟರೆ ನಷ್ಟವೇ ಅಂತ ಕೇಳಿದಿರಿ. ನಷ್ಟವೇ. ಆದರೆ ಇಡೀ ಸಂಕಲನಗಳನ್ನು ಓದಿ ಅಂತ ಹೇಳೋದಿಲ್ಲ. ಆರಂಭದ ಕವಿತೆಗಳಲ್ಲಿ ಪ್ರಾಣಿಗಳ ಹಿಂಸೆ, ಚಾಕು, ರಕ್ತ ಇವೆಲ್ಲ ಕೆಲವು ಕಡೆ ಪ್ರದರ್ಶನಕ್ಕಿಟ್ಟ ಹಾಗಿವೆ. ಓದಲೇಬೇಕಾದ್ದು 1970ರ ‘ದ ಕಲೆಕ್ಟೆಡ್ ವರ್ಕ್ಸ್ ಆಫ್ ಬಿಲ್ಲಿ ದ ಕಿಡ್’.

ಬಿಲ್ಲಿ ಅಮೆರಿಕದ ಪಶ್ಚಿಮ ಭಾಗದ ಹೆಸರಾಂತ ಬಂದೂಕುಧಾರಿ ಕಳ್ಳ. ಹೆಸರು ನೋಡಿ ಕಳ್ಳನ ಸಮಗ್ರ ಕೃತಿಗಳು ಅಂದುಕೊಳ್ಳಬೇಕು. ತಮಾಷೆ ಅಲ್ಲಿಂದಲೇ ಶುರು. ಒಳಗೆ ಕವಿತೆ, ಗದ್ಯದ ತುಣುಕು, ಸಂದರ್ಶನ, ಹಳೇ ಫೋಟೊ ಎಲ್ಲ ಇದೆ. ಮೊದಲಲ್ಲೇ ಒಂದು ಖಾಲಿ ಚೌಕಟ್ಟು, ಅದರ ಕೆಳಗೆ ‘ಬಿಲ್ಲಿಯ ಚಿತ್ರ ಕಳಿಸ್ತಿದ್ದೀನಿ’ ಅನ್ನೋ ಧಾಟಿಯ ಬರಹ. ಚಿತ್ರ ಮಾತ್ರ ಇಲ್ಲ. ಆಮೇಲೆ ಬಿಲ್ಲಿ ಕೊಂದವರ ಪಟ್ಟಿ. ಷೆರಿಫ್ ಪ್ಯಾಟ್ ಗ್ಯಾರೆಟ್ ಅವನನ್ನು ಗುಂಡಿಟ್ಟು ಕೊಂದದ್ದು 1881ರ ಜುಲೈನಲ್ಲಿ, ನ್ಯೂ ಮೆಕ್ಸಿಕೊದ ಫೋರ್ಟ್ ಸಮ್ನರ್‌ನಲ್ಲಿ. ಆ ಸಾವು ಪುಸ್ತಕದಲ್ಲಿ ಮೊದಲೇ ಗೊತ್ತು. ಗುಟ್ಟು ಕಾಯ್ದಿಡುವ ಕಥನವೇ ಇದಲ್ಲ.

ಇದರ ಉಪಶೀರ್ಷಿಕೆ ‘ಎಡಗೈ ಕವಿತೆಗಳು’. ಬಿಲ್ಲಿ ಎಡಚ ಅನ್ನೋ ಕಥೆ ಹುಟ್ಟಿದ್ದು ಒಂದು ಟಿನ್‌ಟೈಪ್ ಫೋಟೊದಿಂದ. ಲೋಹದ ತಗಡಿನ ಮೇಲೆ ನೇರ ಮೂಡುವ ಆ ಬಗೆಯ ಚಿತ್ರದಲ್ಲಿ ಎಡ ಬಲ ಅದಲುಬದಲಾಗುತ್ತೆ. ಫೋಟೊದಲ್ಲಿರೋ 1873ರ ಮಾದರಿಯ ವಿಂಚೆಸ್ಟರ್ ಬಂದೂಕಿಗೆ ಗುಂಡು ತುಂಬುವ ಬಾಗಿಲು ಇರೋದು ಬಲಬದಿಗೆ. ಚಿತ್ರದಲ್ಲಿ ಎಡಕ್ಕೆ ಕಾಣುತ್ತೆ. ಅಲ್ಲಿಗೆ ವಿಷಯ ಸ್ಪಷ್ಟ. ಒಂಡಾಟ್ಜೆಗೆ ಬೇಕಾದ್ದೇ ಇಂಥ ದಾಖಲೆ: ಕೈಯಲ್ಲಿ ಹಿಡಿಯಬಹುದು, ನಂಬುವ ಹಾಗಿಲ್ಲ.

ಈ ಪುಸ್ತಕಕ್ಕೆ ಕೆನಡಾದ ಗವರ್ನರ್ ಜನರಲ್ ಸಾಹಿತ್ಯ ಪ್ರಶಸ್ತಿ ಬಂದಾಗ ಮಾಜಿ ಪ್ರಧಾನಿ ಜಾನ್ ಡೀಫನ್‌ಬೇಕರ್ ಬಹಿರಂಗವಾಗಿ ಸಿಡಿಮಿಡಿಗೊಂಡರು. ಅದಕ್ಕಿಂತ ಒಳ್ಳೆ ಜಾಹೀರಾತು ಸಿಗುತ್ತಿರಲಿಲ್ಲ.

ಮೊಳೆಸುತ್ತಿಗೆ
ಪ್ರಶ್ನೆಗೆ ನೇರ ಉತ್ತರ: ‘ಇನ್ ದ ಸ್ಕಿನ್ ಆಫ್ ಎ ಲಯನ್’ (1987) ಮೊದಲು, ‘ದಿ ಇಂಗ್ಲಿಷ್ ಪೇಷಂಟ್’ (1992) ಆಮೇಲೆ. ಇದು ರುಚಿಯ ಮಾತಲ್ಲ. ಹಾನಾ ಮತ್ತು ಕ್ಯಾರವಾಜಿಯೊ ಇಬ್ಬರೂ ಹಿಂದಿನ ಕಾದಂಬರಿಯಿಂದ ಬಂದವರು. ಹಾನಾಳನ್ನು ಸಾಕಿದ ಪ್ಯಾಟ್ರಿಕ್ ಲೂಯಿಸ್ ಯಾರು, ಕ್ಯಾರವಾಜಿಯೊ ಅನ್ನೋ ಕಳ್ಳ ಅವಳನ್ನು ಹುಡುಕಿಕೊಂಡು ಇಟಲಿಯ ಹಾಳುಬಿದ್ದ ಮನೆಗೆ ಯಾಕೆ ಬರ್ತಾನೆ, ಎಲ್ಲ ಅಲ್ಲಿದೆ. ಎರಡನೆಯದನ್ನು ಮೊದಲು ಓದಿದವರಿಗೆ ಕ್ಯಾರವಾಜಿಯೊ ಬಾಗಿಲಲ್ಲಿ ಪ್ರತ್ಯಕ್ಷ ಆದಾಗ ‘ಇವನ್ಯಾರು ಹೊಸಬ’ ಅನ್ನಿಸೋದು ಸಹಜ.

‘ಸ್ಕಿನ್ ಆಫ್ ಎ ಲಯನ್’ ಓದೋಕೂ ಸುಲಭ, ಯಾಕಂದ್ರೆ ಕಾಲಿಡೋಕೆ ಗಟ್ಟಿ ನೆಲ ಇದೆ: ಟೊರೊಂಟೊ ನಗರದ ಎರಡು ನಿಜವಾದ ಕಟ್ಟಡಗಳು. ಒಂದು ಡಾನ್ ಕಣಿವೆಯ ಮೇಲಿನ ಬ್ಲೂರ್ ಸ್ಟ್ರೀಟ್ ಸೇತುವೆ, ಸಂಚಾರಕ್ಕೆ ತೆರೆದದ್ದು 1918ರಲ್ಲಿ. ಇನ್ನೊಂದು ನಗರದ ಪೂರ್ವ ತುದಿಯಲ್ಲಿ ಕೆರೆದಂಡೆಯ ನೀರು ಶುದ್ಧೀಕರಣ ಘಟಕ. ಕೆಲಸ 1932ರಲ್ಲಿ ಶುರುವಾಗಿ 1941ರಲ್ಲಿ ಚಾಲೂ ಆಯ್ತು. ಎರಡರ ಹಿಂದೆಯೂ ಇದ್ದವನು ಲೋಕೋಪಯೋಗಿ ಕಮಿಷನರ್ ಆರ್.ಸಿ. ಹ್ಯಾರಿಸ್. ಆ ಘಟಕಕ್ಕೆ ಇವತ್ತಿಗೂ ಅವನದೇ ಹೆಸರು. ಸೇತುವೆಯ ಕೆಳಗೆ ಇನ್ನೊಂದು ಅಂತಸ್ತು ಆಗಲೇ ಕಟ್ಟಿಸಿಟ್ಟ. 1966ರಲ್ಲಿ ಸಬ್‌ವೇ ರೈಲು ಅದರ ಮೇಲೇ ಓಡಿತು.

ದಾಖಲೆಗಳಲ್ಲಿ ಎಂಜಿನಿಯರ್, ಕಮಿಷನರ್, ಖರ್ಚಿನ ಲೆಕ್ಕ ಎಲ್ಲ ಸಿಗುತ್ತೆ, ಕಟ್ಟಿದ ವಲಸಿಗ ಕೂಲಿಗಳು ಸಿಗಲ್ಲ. ಕಾದಂಬರಿ ತುಂಬಿಸೋದು ಆ ಜಾಗವನ್ನು. ಹಗ್ಗದಲ್ಲಿ ಜೋತಾಡುತ್ತಾ ಸೇತುವೆಯಡಿ ಕೆಲಸ ಮಾಡೋ ಮ್ಯಾಸಿಡೋನಿಯಾದ ನಿಕೊಲಸ್ ಟೆಮೆಲ್ಕಾಫ್ ನಿಜವಾಗಿ ಇದ್ದವನು. ಅರ್ಧ ಕಟ್ಟಿದ ಸೇತುವೆಯಿಂದ ಗಾಳಿಗೆ ಹಾರಿಹೋದ ಸನ್ಯಾಸಿನಿಯನ್ನು ಅವನು ಒಂದೇ ತೋಳಿನಲ್ಲಿ ಹಿಡೀತಾನೆ, ತೋಳಿನ ಕೀಲು ಕಳಚುತ್ತೆ. ಅದು ಕಲ್ಪನೆ. ಚರ್ಮದ ಕಾರ್ಖಾನೆಯಲ್ಲಿ ಬಣ್ಣದ ತೊಟ್ಟಿಗೆ ಸೊಂಟದವರೆಗೆ ಇಳಿದು ತೊಗಲು ತುಳಿಯೋರು ಬರ್ತಾರೆ, ಹೊರಗೆ ಬಂದಾಗ ಒಬ್ಬೊಬ್ಬರ ಮೈ ಒಂದೊಂದು ಬಣ್ಣ. ಎರಡೇ ಪುಟದ ಆ ಭಾಗ ಸಿಕ್ಕಿದ ಮೇಲೆ ಪುಸ್ತಕ ಕೆಳಗಿಡೋದು ಕಷ್ಟ.

ದೀಪದಕಂಬ
ಸರಿ, ಅದನ್ನು ಮುಗಿಸಿ ‘ಪೇಷಂಟ್’ಗೆ ಬಂದೆವು ಅಂತಿಟ್ಟುಕೊಳ್ಳಿ. ಆಮೇಲೂ ಸಿಕ್ಕಿಹಾಕಿಕೊಳ್ಳೋ ಜಾಗ ಯಾವುದು?

ಮೊಳೆಸುತ್ತಿಗೆ
ಪುಸ್ತಕದಲ್ಲಿ ಹತ್ತು ಅಧ್ಯಾಯ. ಮೊದಲ ಮೂರು 1945ರ ಇಟಲಿ, ಫ್ಲಾರೆನ್ಸ್ ಹತ್ತಿರದ ವಿಲ್ಲಾ ಸಾನ್ ಜಿರೊಲಾಮೊ. ಅಲ್ಲಿರೋದು ನಾಲ್ವರು: ನರ್ಸ್ ಹಾನಾ, ಮೈ ಸುಟ್ಟುಹೋದ ಹೆಸರಿಲ್ಲದ ರೋಗಿ, ಕ್ಯಾರವಾಜಿಯೊ, ಸಿಖ್ ಸೈನಿಕ ಕಿಪ್. ನಾಲ್ಕನೆಯದು ‘ಸೌತ್ ಕೈರೊ 1930–1938’. ಇಲ್ಲಿ ಇದ್ದಕ್ಕಿದ್ದಂತೆ ‘ನಾನು’ ಬರುತ್ತೆ, ಅದು ಸುಟ್ಟ ರೋಗಿಯ ದನಿ. ಐದನೆಯದು ‘ಕ್ಯಾಥರಿನ್’, ರೋಗಿಗೂ ಅವಳಿಗೂ ಹಿಂದೆ ಇದ್ದ ಪ್ರೇಮ, ಈಗ ‘ನಾನು’ ಹೋಗಿ ‘ಅವನು, ಅವಳು’. ಬಿಡೋರು ಬಿಡೋದು ಇಲ್ಲೇ. ಆರನೆಯದರಲ್ಲಿ ಕ್ಯಾರವಾಜಿಯೊ ಮಾರ್ಫಿನ್ ಕೊಟ್ಟು ರೋಗಿಯ ಬಾಯಿ ಬಿಡಿಸ್ತಾನೆ. ಅಮಲಿನಲ್ಲಿ ರೋಗಿ ತನ್ನನ್ನೇ ‘ಅಲ್ಮಾಷಿ’ ಅಂತ ಬೇರೆಯವನ ಹಾಗೆ ಕರೀತಾನೆ. ಏಳನೆಯದು ಪೂರ್ತಿ ಕಿಪ್‌ನದು, ಇಂಗ್ಲೆಂಡಿನಲ್ಲಿ ಬಾಂಬ್ ನಿಷ್ಕ್ರಿಯ ಮಾಡೋ ತರಬೇತಿ. ಒಂಬತ್ತು ಮತ್ತೆ ಮರುಭೂಮಿ, ಗೋಡೆಯ ಮೇಲೆ ಈಜುವವರ ಪ್ರಾಚೀನ ಚಿತ್ರಗಳಿರೋ ಈಜುಗಾರರ ಗುಹೆ. ಹತ್ತನೆಯದು ‘ಆಗಸ್ಟ್’.

ಪೆನ್ಸಿಲ್ ಇಟ್ಟುಕೊಂಡು ಪ್ರತಿ ಖಾಲಿ ಸಾಲಿನ ನಂತರ ಅಂಚಿನಲ್ಲಿ ಎರಡೇ ಗುರುತು ಹಾಕಿ: ಸ್ಥಳ, ದನಿ. ನಾಲ್ಕು, ಐದನ್ನು ಒಂದೇ ಕೂರುವಿಕೆಗೆ ಓದಿ, ನಡುವೆ ವಾರ ಬಿಟ್ಟರೆ ಎಳೆ ತಪ್ಪುತ್ತೆ. ಸಹಾರಾ ನಕ್ಷೆಯಲ್ಲಿ ಕೈರೊ, ಗಿಲ್ಫ್ ಕಬೀರ್, ಉವೈನಾತ್ ಮೂರನ್ನು ಗುರುತು ಮಾಡಿದರೆ ಸಾಕು.

ಬೆಳ್ಳಿಪರದೆ
ಸಿನಿಮಾದವರ ಕಷ್ಟ ಇನ್ನೊಂದಿದೆ. 1996ರಲ್ಲಿ ಆಂಟನಿ ಮಿಂಗೆಲ್ಲಾ ಮಾಡಿದ ಚಿತ್ರಕ್ಕೆ 12 ಆಸ್ಕರ್ ನಾಮನಿರ್ದೇಶನ, 9 ಪ್ರಶಸ್ತಿ. ಅದು ಅಲ್ಮಾಷಿ–ಕ್ಯಾಥರಿನ್ ಪ್ರೇಮಕಥೆ. ಪುಸ್ತಕದ ತೂಕ ಕಿಪ್ ಕಡೆಗೆ ವಾಲುತ್ತೆ. ಕಿರ್ಪಾಲ್ ಸಿಂಗ್, ಪಂಜಾಬಿನ ಸಿಖ್ ಹುಡುಗ, ಬ್ರಿಟಿಷ್ ಸೈನ್ಯದಲ್ಲಿ ಸ್ಯಾಪರ್, ಅಂದ್ರೆ ಬಾಂಬ್ ನಿಷ್ಕ್ರಿಯ ಮಾಡೋ ಸೈನಿಕ. ಕೊನೆಯ ಅಧ್ಯಾಯದಲ್ಲಿ ರೇಡಿಯೊದಲ್ಲಿ ಹಿರೋಷಿಮಾ ಸುದ್ದಿ ಕೇಳಿ ಬಂದೂಕು ಎತ್ತಿಕೊಂಡು ರೋಗಿಯ ಮಂಚದ ಮುಂದೆ ನಿಲ್ತಾನೆ. ಬಿಳಿಯರ ದೇಶದ ಮೇಲೆ ಇಂಥ ಬಾಂಬು ಹಾಕ್ತಿರಲಿಲ್ಲ ಅನ್ನೋದು ಅಲ್ಲಿನ ಸಿಟ್ಟು. ಸಿನಿಮಾದಲ್ಲಿ ಇದು ಮಾಯ. ನವೀನ್ ಆಂಡ್ರೂಸ್‌ಗೆ ಉಳಿದದ್ದು ಒಂದು ಮೃದು ಪ್ರೇಮಕಥೆ, ಜೊತೆಗೆ ಸಹೋದ್ಯೋಗಿ ಹಾರ್ಡಿಯ ಸಾವು.

ಹಾಗಂತ ಒಂಡಾಟ್ಜೆ ಸಿನಿಮಾದವರ ಮೇಲೆ ಮುನಿಸಿಕೊಳ್ಳಲಿಲ್ಲ. ಅದರ ಸಂಕಲನಕಾರ ವಾಲ್ಟರ್ ಮರ್ಚ್ ಜೊತೆ ಮಾತುಕತೆಗೆ ಕೂತು 2002ರಲ್ಲಿ ‘ದ ಕಾನ್ವರ್ಸೇಷನ್ಸ್’ ಅನ್ನೋ ಪುಸ್ತಕವನ್ನೇ ತಂದರು. ಮರ್ಚ್ ಆ ಚಿತ್ರಕ್ಕೆ ಸಂಕಲನ, ಧ್ವನಿ ಎರಡಕ್ಕೂ ಆಸ್ಕರ್ ಪಡೆದವರು. ಒಂಡಾಟ್ಜೆ ಕಾದಂಬರಿ ಹೇಗೆ ಕಟ್ಟುತ್ತಾರೆ ಅಂತ ತಿಳಿಯೋಕೆ ಅವರ ಯಾವ ಸಂದರ್ಶನಕ್ಕಿಂತ ಈ ಪುಸ್ತಕ ವಾಸಿ. ನೋಟ್‌ಬುಕ್ಕಿನಲ್ಲಿ ಕೈಬರಹ, ಒಂದೊಂದು ಕಾದಂಬರಿಗೆ ನಾಲ್ಕೈದು ವರ್ಷ, ಮೊದಲ ಕರಡಿನಲ್ಲಿ ಕಥೆ ಎತ್ತ ಅನ್ನೋದು ಅವರಿಗೇ ಗೊತ್ತಿರಲ್ಲ. ಆಮೇಲೆ ಕತ್ತರಿಸೋದು, ಜಾಗ ಬದಲಿಸೋದು. ಸಿನಿಮಾದ ಎಡಿಟಿಂಗ್ ಟೇಬಲ್ ಮೇಲೆ ನಡೆಯೋದೂ ಅದೇ.

ಮೊಳೆಸುತ್ತಿಗೆ
ಬೆಳ್ಳಿಪರದೆ ಅವರೇ, ಕಿಪ್ ಅಂದಿರಲ್ಲ, ಏಳನೇ ಅಧ್ಯಾಯದ ತಾಂತ್ರಿಕ ವಿವರ ಅಲಂಕಾರ ಅಲ್ಲ, ನಿಜದ್ದು. ಜರ್ಮನ್ ಬಾಂಬಿಗೆ ಎರಡು ಫ್ಯೂಸ್ ಇರ್ತಿತ್ತು. 17ನೇ ನಮೂನೆಯದು ಗಡಿಯಾರದ ಯಂತ್ರ, ಬಿದ್ದು 72 ಗಂಟೆವರೆಗೂ ತಡವಾಗಿ ಸಿಡಿಸಬಲ್ಲದು. 50ನೇ ನಮೂನೆಯದು ಅಲುಗಿದರೆ ಸಿಡಿಯೋದು. ಮೊದಲನೆಯದನ್ನು ಬಿಚ್ಚೋಕೆ ಹೋದರೆ ಎರಡನೆಯದು ಕಾಯ್ತಿರುತ್ತೆ. ಆಮೇಲೆ ಬಿಚ್ಚೋನನ್ನೇ ಕೊಲ್ಲೋಕೆ ಅಂತ ಮಾಡಿದ ‘ವೈ’ ಫ್ಯೂಸ್ ಬಂತು, ಒಳಗೆ ಬ್ಯಾಟರಿ ಮತ್ತು ಪಾದರಸದ ಸ್ವಿಚ್. ಅದಕ್ಕೆ ಉಪಾಯ: ಫ್ಯೂಸ್ ಸುತ್ತ ಜೇಡಿಮಣ್ಣಿನ ಕಟ್ಟೆ ಕಟ್ಟಿ ದ್ರವ ಆಮ್ಲಜನಕ ಸುರಿಯೋದು. ತೀರಾ ಚಳಿಗೆ ಬ್ಯಾಟರಿ ವಿದ್ಯುತ್ ಕೊಡೋದು ನಿಲ್ಲಿಸುತ್ತೆ. ಕವಚದ ಮೇಲೆ ಹಿಮ ಎಷ್ಟು ಅಗಲ ಹರಡಿತು ಅನ್ನೋದರಿಂದ ಒಳಗಿನ ಸ್ಥಿತಿ ಅಳೀತಾರೆ. ಸುರಿಯೋದು ನಿಲ್ಲಿಸಿ ತಡ ಮಾಡಿದರೆ ಬ್ಯಾಟರಿ ಮತ್ತೆ ಬಿಸಿಯಾಗಿ ಜೀವ ಬರುತ್ತೆ, ಕೆಲಸ ಆ ಸಂದಿಯಲ್ಲೇ ಮುಗಿಯಬೇಕು.

ಕಿಪ್‌ನ ಗುರು ಲಾರ್ಡ್ ಸಫೋಕ್ ಕೂಡ ನಿಜವಾದ ವ್ಯಕ್ತಿ, ಸಫೋಕ್‌ನ 20ನೇ ಅರ್ಲ್. 1941ರ ಮೇ 12ರಂದು ಎರಿತ್ ಎಂಬಲ್ಲಿ ಬಾಂಬ್ ಬಿಚ್ಚುವಾಗ ಸತ್ತ, ಅವನ ಸೆಕ್ರೆಟರಿ, ಡ್ರೈವರ್ ಇಬ್ಬರೂ ಜೊತೆಗೇ ಹೋದರು.

ಹಾಳೆಮರ
ನಿಜ ವ್ಯಕ್ತಿಗಳ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಲಾಸ್ಲೊ ಅಲ್ಮಾಷಿ ಎಂಬ ಹಂಗೇರಿಯನ್ ಮರುಭೂಮಿ ಶೋಧಕ ಇದ್ದದ್ದು ಹೌದು, 1933ರಲ್ಲಿ ಗಿಲ್ಫ್ ಕಬೀರ್‌ನ ಈಜುಗಾರರ ಗುಹೆ ಕಂಡದ್ದೂ ಹೌದು. ಅವನು ಸುಟ್ಟುಹೋಗಲಿಲ್ಲ, ಇಟಲಿಯಲ್ಲಿ ಸಾಯಲಿಲ್ಲ. 1951ರಲ್ಲಿ ಸಾಲ್ಸ್‌ಬರ್ಗ್‌ನಲ್ಲಿ ಆಮಶಂಕೆಯಿಂದ ತೀರಿಕೊಂಡ. ಯುದ್ಧದಲ್ಲಿ ಜರ್ಮನ್ನರ ಪರ ಕೆಲಸ ಮಾಡಿದ; 1942ರಲ್ಲಿ ಇಬ್ಬರು ಜರ್ಮನ್ ಗೂಢಚಾರರನ್ನು ಮರುಭೂಮಿ ದಾಟಿಸಿ ಈಜಿಪ್ಟಿಗೆ ಬಿಟ್ಟವನು ಇವನೇ. ಸಿನಿಮಾ ಬಂದಾಗ ಅಮೆರಿಕದ ಪತ್ರಿಕೆಗಳಲ್ಲಿ ಗಲಾಟೆ ಎದ್ದದ್ದು ಈ ಕಾರಣಕ್ಕೆ. ಕಾದಂಬರಿ ಚರಿತ್ರೆ ಅಲ್ಲ ಅನ್ನುವ ಉತ್ತರ ತಾಂತ್ರಿಕವಾಗಿ ಸರಿ. ಆದರೆ ಸತ್ತವರ ನಿಜ ಹೆಸರನ್ನೇ ಇಟ್ಟುಕೊಂಡ ಲೇಖಕನಿಗೆ ಆ ಉತ್ತರ ಪೂರ್ತಿ ಸಾಲದು.

‘ಕಮಿಂಗ್ ಥ್ರೂ ಸ್ಲಾಟರ್’ ಕೂಡ ಹೀಗೆಯೇ. ನ್ಯೂ ಆರ್ಲಿಯನ್ಸ್‌ನ ಜಾಜ್ ಸಂಗೀತಗಾರ, ಕಾರ್ನೆಟ್ (ಟ್ರಂಪೆಟ್ ಥರದ ಕಹಳೆ) ವಾದಕ ಬಡ್ಡಿ ಬೋಲ್ಡನ್‌ನ ಒಂದೇ ಒಂದು ಧ್ವನಿಮುದ್ರಣವಿಲ್ಲ, ಇರುವುದು ಒಂದು ಫೋಟೊ. 1907ರಲ್ಲಿ ಬುದ್ಧಿಭ್ರಮಣೆಯಾಗಿ ಆಸ್ಪತ್ರೆ ಸೇರಿದವನು 1931ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ. ಕಾದಂಬರಿಯಲ್ಲಿ ಅವನು ಕ್ಷೌರಿಕ, ‘ದ ಕ್ರಿಕೆಟ್’ ಎಂಬ ಗಾಳಿಸುದ್ದಿ ಪತ್ರಿಕೆಯ ಸಂಪಾದಕ. ಎರಡು ವರ್ಷದ ನಂತರ, 1978ರಲ್ಲಿ, ಡೊನಾಲ್ಡ್ ಮಾರ್ಕ್ವಿಸ್ ಬರೆದ ಜೀವನಚರಿತ್ರೆ ಎರಡೂ ಕಟ್ಟುಕಥೆ ಎಂದು ತೋರಿಸಿತು. ಮೊದಲ ಪುಟದಲ್ಲೇ ಡಾಲ್ಫಿನ್ ದನಿಯ ಮೂರು ರೇಖಾಚಿತ್ರಗಳಿವೆ, ಅಚ್ಚಿನ ತಪ್ಪು ಎಂದು ಪುಟ ತಿರುಗಿಸಬೇಡಿ.

ತುಂಗಾತೀರ
ನನ್ನ ಆಯ್ಕೆ ಇನ್ನೂ ‘ರನ್ನಿಂಗ್ ಇನ್ ದ ಫ್ಯಾಮಿಲಿ’ (1982). 1978 ಮತ್ತು 1980ರಲ್ಲಿ ಶ್ರೀಲಂಕಾಕ್ಕೆ ಹೋಗಿ ಬಂದು ಬರೆದದ್ದು. ಅಪ್ಪ ಕುಡಿದು ರೈಲನ್ನೇ ನಿಲ್ಲಿಸಿದ್ದು, ಅಜ್ಜಿ ಲಲ್ಲಾ ನುವಾರ ಎಲಿಯದ ಪ್ರವಾಹದಲ್ಲಿ ತೇಲಿಹೋದದ್ದು, ಮದುವೆಯಾದ ಹೊಸದರಲ್ಲಿ ಅಪ್ಪ ಅಮ್ಮ ವಿಕಾರ ಮುಖ ಮಾಡಿ ತೆಗೆಸಿಕೊಂಡ ಫೋಟೊ. ಚೆನ್ನಾಗಿ ಹೇಳಿದ ಸುಳ್ಳು ಸಾವಿರ ಸತ್ಯಕ್ಕೆ ಸಮ ಅನ್ನೋ ಅರ್ಥದ ಮಾತನ್ನು ಕೊನೆಯ ಕೃತಜ್ಞತೆಯಲ್ಲಿ ಆತನೇ ಬರೆದಿದ್ದಾನೆ. ಹಾಳೆಮರ ಅವರ ಆಕ್ಷೇಪಕ್ಕೂ ಉತ್ತರ ಅಲ್ಲೇ ಇದೆ.

ಈ ಪುಸ್ತಕದ ನಡುವೆ ಕೆಲವು ಕವಿತೆಗಳಿವೆ, ‘ದ ಸಿನಮನ್ ಪೀಲರ್’ ಸೇರಿ. ದಾಲ್ಚಿನ್ನಿ ಸುಲಿಯುವವನ ಕೈಯ ವಾಸನೆ ಹೆಂಡತಿಯ ಮೈಗೆ ಅಂಟಿ, ಸಂತೆಯಲ್ಲಿ ನಡೆದರೂ ಅವಳು ಯಾರವಳು ಅಂತ ಗೊತ್ತಾಗಿಬಿಡುವ ಕವಿತೆ. ಇನ್ನೊಂದು ಸಿಗಿರಿಯಾ ಬಂಡೆಯ ಚಿತ್ರಗಳ ಹೆಂಗಸರಿಗೆ ನೋಡಲು ಬಂದವರು ಗೋಡೆಯ ಮೇಲೆ ಗೀಚಿಹೋದ ಹಳೇ ಸಾಲುಗಳಿಂದ ಹುಟ್ಟಿದ್ದು. ಕವಿತೆ, ಗದ್ಯ ಎರಡೂ ಒಂದೇ ಕಡೆ ಸಿಗೋದರಿಂದ ಕವಿತೆ ಓದದವರಿಗೂ ಇದೇ ಸರಿಯಾದ ಬಾಗಿಲು.

ಗಡಿಯಾಚೆ
ತುಂಗಾತೀರ ಮೇಡಂ, ಬಾಗಿಲು ಸರಿ, ಮನೆ ಯಾರದು ಅನ್ನೋದನ್ನೂ ಹೇಳಬೇಕು. ಆ ಪುಸ್ತಕದಲ್ಲಿ ಬರೋದು ತೋಟ, ಕುದುರೆ ರೇಸು, ಪಾರ್ಟಿಗಳ ಮೇಲ್ವರ್ಗ. 1971ರ ಯುವಜನ ದಂಗೆ ಕೆಲವೇ ಪುಟಗಳಲ್ಲಿ ಮುಗಿದುಹೋಗುತ್ತೆ. ವಿಮರ್ಶಕಿ ಅರುಣ್ ಪ್ರಭಾ ಮುಖರ್ಜಿ ಕೆನಡಾದಲ್ಲೇ ಕೂತು 1980ರ ದಶಕದಲ್ಲಿ ಇದನ್ನು ಖಾರವಾಗಿ ಕೇಳಿದ್ದರು: ವಲಸಿಗನಾಗಿದ್ದೂ ತನ್ನ ಬೇರೆತನದ ಬಗ್ಗೆ, ವಸಾಹತಿನ ಬಗ್ಗೆ ಈ ಕವಿ ಯಾಕೆ ಸುಮ್ಮನಿದ್ದಾನೆ ಅಂತ. ‘ಸ್ಕಿನ್ ಆಫ್ ಎ ಲಯನ್’ ಬಂದದ್ದು ಆಮೇಲೆ.

2000ದ ‘ಅನಿಲ್ಸ್ ಘೋಸ್ಟ್’ನಲ್ಲಿ ಶ್ರೀಲಂಕಾದ ಅಂತರ್ಯುದ್ಧವೇ ವಿಷಯ. ಅನಿಲ್ ಅಂದ್ರೆ ಇಲ್ಲಿ ಹೆಣ್ಣು, ಅಣ್ಣನ ಹೆಸರನ್ನು ಕೊಂಡುಕೊಂಡವಳು, ವಿಶ್ವಸಂಸ್ಥೆ ಪರವಾಗಿ ಬಂದ ಫೊರೆನ್ಸಿಕ್ ತಜ್ಞೆ. ಸಿಕ್ಕ ನಾಲ್ಕು ಅಸ್ಥಿಪಂಜರಕ್ಕೆ ಟಿಂಕರ್, ಟೈಲರ್, ಸೋಲ್ಜರ್, ಸೇಲರ್ ಅಂತ ಹೆಸರು. ‘ಸೇಲರ್’ ಯಾರು ಅನ್ನೋದೇ ಹುಡುಕಾಟ. ಬುದ್ಧನ ಪ್ರತಿಮೆಗೆ ಕಣ್ಣು ಬಿಡಿಸುವ ಆನಂದ, ಮೂರ್ತಿಗೆ ಬೆನ್ನು ಹಾಕಿ ಕನ್ನಡಿಯಲ್ಲಿ ನೋಡುತ್ತಾ ಕಣ್ಣು ಬರೆಯುವ ವಿಧಿ ಬರುತ್ತೆ. ನಮ್ಮ ದೇವಸ್ಥಾನದ ಪ್ರತಿಷ್ಠೆಯಲ್ಲಿ ನೇತ್ರೋನ್ಮೀಲನ ಕಂಡವರಿಗೆ ಆ ಪುಟಗಳು ಬೇಗ ಹತ್ತಿರವಾಗ್ತವೆ. ಇದನ್ನೂ ಶ್ರೀಲಂಕಾದ ಕೆಲವು ವಿಮರ್ಶಕರು ಒಪ್ಪಲಿಲ್ಲ. ತಮಿಳರ ಪಾಲು ಅಂಚಿಗೆ ಸರಿದು ಬೌದ್ಧ ಶಿಲ್ಪ, ಬೌದ್ಧ ಗುಹೆಗಳೇ ಇಡೀ ದೇಶದ ನೆನಪು ಅನ್ನೋ ಹಾಗಾಗಿದೆ ಅನ್ನೋದು ಅವರ ತಕರಾರು. ಆ ತಕರಾರಿನಲ್ಲಿ ಹುರುಳಿದೆ.

ಹಾಳೆಮರ
ಪ್ರಶಸ್ತಿಗಳ ಬಗ್ಗೆ ತಪ್ಪು ಮಾಹಿತಿ ಬಹಳ ಓಡಾಡುತ್ತಿದೆ. ‘ಪೇಷಂಟ್’ಗೆ ಬಂದ 1992ರ ಬೂಕರ್ ಪೂರ್ತಿ ಒಂಡಾಟ್ಜೆಯದಲ್ಲ, ಬ್ಯಾರಿ ಅನ್ಸ್‌ವರ್ತ್ ಜೊತೆ ಹಂಚಿಕೊಂಡದ್ದು. ‘ಅನಿಲ್ಸ್ ಘೋಸ್ಟ್’ಗೆ ಬಂದ 2000ದ ಗಿಲ್ಲರ್ (ಕೆನಡಾದ ಕಾದಂಬರಿ ಪ್ರಶಸ್ತಿ) ಕೂಡ ಹಂಚಿಕೆಯೇ, ಡೇವಿಡ್ ಆಡಮ್ಸ್ ರಿಚರ್ಡ್ಸ್ ಜೊತೆ. ಬೂಕರ್‌ನ ಐವತ್ತು ವರ್ಷಗಳ ಅತ್ಯುತ್ತಮ ಕೃತಿಗೆ ಕೊಟ್ಟ 2018ರ ಗೋಲ್ಡನ್ ಬೂಕರ್ ‘ಪೇಷಂಟ್’ಗೆ ಬಂತು; ದಶಕಕ್ಕೊಂದರಂತೆ ಐದು ಪುಸ್ತಕಗಳನ್ನು ತೀರ್ಪುಗಾರರು ಆರಿಸಿದರು, ಗೆಲುವು ನಿರ್ಧರಿಸಿದ್ದು ಓದುಗರ ಮತ. ವೇದಿಕೆಯಲ್ಲಿ ಅವನೇ ಮಿಂಗೆಲ್ಲಾ ಹೆಸರೆತ್ತಿದ. ಗವರ್ನರ್ ಜನರಲ್ ಪ್ರಶಸ್ತಿ ಐದು ಸಲ: 1970, 1979, 1992, 2000, 2007. ಮೊದಲೆರಡು ಕವಿಯಾಗಿ.

ಬೂಕರ್ ಹಣದಲ್ಲಿ ತಾಯಿಯ ಮನೆತನದ ಹೆಸರಿನಲ್ಲಿ ಗ್ರೇಷಿಯನ್ ಪ್ರಶಸ್ತಿ ಸ್ಥಾಪಿಸಿದ. ಶ್ರೀಲಂಕಾದಲ್ಲಿ ನೆಲೆಸಿ ಇಂಗ್ಲಿಷಿನಲ್ಲಿ ಬರೆಯುವವರಿಗೆ. ಅಚ್ಚಾಗದ ಹಸ್ತಪ್ರತಿಯನ್ನೂ ಪರಿಗಣಿಸುತ್ತಾರೆ ಅನ್ನೋದು ದೊಡ್ಡ ವಿಷಯ. ಶೆಹಾನ್ ಕರುಣತಿಲಕ ‘ಚೈನಾಮನ್’ ಹಸ್ತಪ್ರತಿಗೆ 2008ರ ಗ್ರೇಷಿಯನ್ ಪಡೆದ, 2022ರಲ್ಲಿ ಬೇರೆ ಕಾದಂಬರಿಗೆ ಬೂಕರ್ ಗೆದ್ದ.

ದೀಪದಕಂಬ
ಇಬ್ಬರದೂ ಸೇರಿಸಿ ಹೀಗೆ ಬರೆದುಕೊಂಡಿದ್ದೀನಿ: ‘ರನ್ನಿಂಗ್’, ‘ಸ್ಕಿನ್ ಆಫ್ ಎ ಲಯನ್’, ‘ಪೇಷಂಟ್’, ಆಮೇಲೆ ‘ಬಿಲ್ಲಿ’. ‘ದ ಕ್ಯಾಟ್ಸ್ ಟೇಬಲ್’, ‘ಡಿವಿಸಡೆರೊ’, ‘ವಾರ್‌ಲೈಟ್’ ಎಲ್ಲಿ ಸೇರಿಸಲಿ?

ಬೆಳ್ಳಿಪರದೆ
‘ಕ್ಯಾಟ್ಸ್ ಟೇಬಲ್’ (2011) ಎಲ್ಲಿ ಬೇಕಾದರೂ ಓದಬಹುದು, ಎಲ್ಲಕ್ಕಿಂತ ಸರಳ. 1954ರಲ್ಲಿ ‘ಒರಾನ್ಸೆ’ ಹಡಗಿನಲ್ಲಿ ಕೊಲಂಬೊದಿಂದ ಇಂಗ್ಲೆಂಡಿಗೆ ಹೊರಟ ಹನ್ನೊಂದು ವರ್ಷದ ಮೈಕೆಲ್, ಕ್ಯಾಪ್ಟನ್ನಿನ ಮೇಜಿನಿಂದ ತೀರಾ ದೂರದ ಊಟದ ಮೇಜು. ಆತ್ಮಕಥೆ ಅಂತ ಓದಬೇಡಿ, ಇದು ಕಲ್ಪನೆ ಅಂತ ಲೇಖಕರ ಟಿಪ್ಪಣಿಯೇ ಇದೆ. ‘ವಾರ್‌ಲೈಟ್’ (2018) ‘ಪೇಷಂಟ್’ ಆದ ಮೇಲೆ. ‘ಡಿವಿಸಡೆರೊ’ (2007) ಕೊನೆಗೆ: ಅರ್ಧ ಪುಸ್ತಕ ಕ್ಯಾಲಿಫೋರ್ನಿಯಾದ ಅನ್ನಾ, ಕ್ಲೇರ್, ಕೂಪ್, ಆಮೇಲೆ ಫ್ರಾನ್ಸಿನ ಒಬ್ಬ ಸತ್ತ ಲೇಖಕನ ಕಥೆ, ಮೊದಲಿನವರು ವಾಪಸ್ ಬರೋದೇ ಇಲ್ಲ. ಕಾಯ್ತಾ ಓದಿದರೆ ಸಿಟ್ಟು ಬರುತ್ತೆ.

ತುಂಗಾತೀರ
ಕವಿತೆಗೆ 1998ರ ‘ಹ್ಯಾಂಡ್‌ರೈಟಿಂಗ್’ ಸೇರಿಸಿ, ‘ಅನಿಲ್ಸ್ ಘೋಸ್ಟ್’ಗಿಂತ ಮುಂಚೆ. ಯುದ್ಧಕ್ಕೆ ಹೆದರಿ ನೆಲದಲ್ಲಿ ಹೂತಿಟ್ಟ ಬುದ್ಧನ ವಿಗ್ರಹಗಳು ಅಲ್ಲೇ ಮೊದಲು ಬರ್ತವೆ. 2024ರ ‘ಎ ಇಯರ್ ಆಫ್ ಲಾಸ್ಟ್ ಥಿಂಗ್ಸ್’ ಬೇರೆಲ್ಲ ಮುಗಿದ ಮೇಲಿರಲಿ. ಎಂಬತ್ತು ದಾಟಿದ ಕವಿ ಹಿಂದಿನ ಊರು, ನದಿ, ಸತ್ತ ಗೆಳೆಯರ ಕಡೆ ತಿರುಗಿದ್ದಾನೆ. ಹಿಂದಿನ ಪುಸ್ತಕಗಳು ಗೊತ್ತಿದ್ದರೆ ಆ ಕವಿತೆಗಳು ಇನ್ನಷ್ಟು ತೆರೆದುಕೊಳ್ತವೆ.